ಸೈಕಲ್ಲಿಗೆ ಎಂಜಿನ್: ಶಕ್ತಿ ಗಾಲಿ ಮುಟ್ಟಿದ ಕಥೆ

ಸೈಕಲ್ಲಿಗೆ ಒಂದು ಚಿಕ್ಕ ಎಂಜಿನ್ ಕೂಡಿಸಿಬಿಟ್ಟರೆ ಮೋಟಾರು ಸೈಕಲ್ ಆಯಿತು ಎಂದು ತಿಳಿಯುವವರೇ ಹೆಚ್ಚು. ವಿದ್ಯಾರ್ಥಿಯಾಗಿದ್ದಾಗ ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆಯನ್ನು ತಿದ್ದಿದ್ದು 1987ರ ಬೇಸಿಗೆಯಲ್ಲಿ ಅಕ್ಕಿಆಲೂರಿನ ಒಂದು ಸೈಕಲ್ ಅಂಗಡಿ. ಹಾನಗಲ್ ತಾಲೂಕಿನ ಈ ಊರು ಆಗ ಧಾರವಾಡ ಜಿಲ್ಲೆಗೆ ಸೇರಿತ್ತು; ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಾನು ಪಿಯುಸಿ ಪರೀಕ್ಷೆ ಮುಗಿಸಿ ಊರಲ್ಲಿದ್ದೆ. ಅಂಗಡಿಯ ಯಜಮಾನರನ್ನು ನಾವು ಹುಡುಗರೆಲ್ಲ 'ಕಾಕಾ' ಎನ್ನುತ್ತಿದ್ದೆವು. ಪಂಕ್ಚರ್ ತಿದ್ದುವುದು, ಗಾಲಿಯ ಸೊಟ್ಟ ತೆಗೆಯುವುದು, ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವುದು ಅವರ ಉದ್ಯೋಗ.

ಕಾಕಾ ಅವರ ಕೈಗೆ ಆ ವರ್ಷ ಒಂದು ಎಂಜಿನ್ ಬಂದಿತ್ತು. ಹತ್ತಿ ಹೊಲಕ್ಕೆ ಔಷಧಿ ಹೊಡೆಯಲು ಬೆನ್ನಿಗೆ ಕಟ್ಟಿಕೊಳ್ಳುವ ಪವರ್ ಸ್ಪ್ರೇಯರಿನದು. ಎರಡು ಹೊಡೆತದ ಪೆಟ್ರೋಲ್ ಎಂಜಿನ್, ಸುಮಾರು 35 ಘನ ಸೆಂಟಿಮೀಟರ್, ಒಂದು ಅಶ್ವಸಾಮರ್ಥ್ಯದ ಆಸುಪಾಸು. ಇಂಥ ಎಂಜಿನ್ನು ನಮ್ಮ ಹಳ್ಳಿಗಳಿಗೆ ಬಂದುದಕ್ಕೂ ಒಂದು ಚರಿತ್ರೆ ಇದೆ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ರೂಪಿಸಿದ 'ವರಲಕ್ಷ್ಮಿ' ಹೈಬ್ರಿಡ್ ಹತ್ತಿ 1972ರಲ್ಲಿ ಬಿಡುಗಡೆಯಾಯಿತು. 1981ರಲ್ಲಿ ಡಿಸಿಎಚ್-32 ಬಂತು. ಇಳುವರಿ ಹೆಚ್ಚಿತು, ಜೊತೆಗೆ ಕೀಟದ ಕಾಟ, ಸಿಂಪಡಣೆಯ ಖರ್ಚು ಹೆಚ್ಚಿದವು. ಕೈಪಂಪಿನ ಜಾಗದಲ್ಲಿ ಅಲ್ಲಲ್ಲಿ ಎಂಜಿನ್ ಪಂಪು ಕಾಣಿಸಿಕೊಂಡಿತು. ಹಾಗೆ ಬಂದದ್ದೊಂದರ ಔಷಧಿ ತೊಟ್ಟಿ ಒಡೆದು, ಎಂಜಿನ್ ಮಾತ್ರ ಉಳಿದು, ಕಾಕಾ ಅವರ ಅಂಗಡಿ ಸೇರಿತ್ತು.

"ಇದನ್ನ ಸೈಕಲ್ಲಿಗೆ ಕೂಡಿಸಿಬಿಡ್ರಿ ಕಾಕಾ" ಎಂದೆ. ಅವರು ನಕ್ಕರು. "ತಮ್ಮಾ, ಇಂಜಿನ್ ಸಿಗೋದೇನ ದೊಡ್ಡದಲ್ಲ. ಅದರ ಶಕ್ತೀನ ಗಾಲಿಗೆ ಮುಟ್ಟಸೋದೈತಲ್ಲ, ಅದ ದೊಡ್ಡದು."

ಮೋಟಾರು ಸೈಕಲ್ಲಿನ ಮೊದಲ ಅರವತ್ತು ವರ್ಷಗಳ ಚರಿತ್ರೆಯನ್ನು ಮುಂದೆ ಓದಿದಾಗ ಅದೆಲ್ಲ ಈ ಒಂದು ಮಾತಿನ ವಿವರಣೆಯಂತೆ ನನಗೆ ತೋರಿತು.

ಇಪ್ಪತ್ತೊಂಬತ್ತು ಸುತ್ತಿಗೆ ಒಂದು ಸುತ್ತು

ಮೊದಲು ಒಂದು ಸರಳ ಲೆಕ್ಕ. ನಮ್ಮ ಊರಿನ ದೊಡ್ಡ ಸೈಕಲ್ಲಿನ 28 ಅಂಗುಲದ ಗಾಲಿ ಒಂದು ಸುತ್ತು ಸುತ್ತಿದರೆ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 25 ಕಿಲೋಮೀಟರ್ ಜವ ಎಂದರೆ ಸೆಕೆಂಡಿಗೆ ಸುಮಾರು 6.9 ಮೀಟರ್. ಅಂದರೆ ಗಾಲಿ ನಿಮಿಷಕ್ಕೆ 190 ಸುತ್ತು ಸುತ್ತಬೇಕು. ಸ್ಪ್ರೇಯರಿನ ಎಂಜಿನ್ ತನ್ನ ಪೂರ್ಣ ಸಾಮರ್ಥ್ಯ ಕೊಡುವುದು ನಿಮಿಷಕ್ಕೆ 5500 ಸುತ್ತಿನ ಆಸುಪಾಸಿನಲ್ಲಿ. 5500ನ್ನು 190ರಿಂದ ಭಾಗಿಸಿ: 29. ಎಂಜಿನ್ ಇಪ್ಪತ್ತೊಂಬತ್ತು ಸುತ್ತು ಸುತ್ತುವಾಗ ಗಾಲಿ ಒಂದು ಸುತ್ತು ಸುತ್ತಬೇಕು. ಸುತ್ತು ತಗ್ಗಿದಷ್ಟೂ ಟಾರ್ಕ್ ಏರುತ್ತದೆ. ಘರ್ಷಣೆಯಲ್ಲಿ ಸ್ವಲ್ಪ ನಷ್ಟವಾಗುತ್ತದೆ, ಅದು ಬೇರೆ ಮಾತು.

ಸೈಕಲ್ಲಿನಲ್ಲಿ ಮೊದಲೇ ಇರುವ ಚೈನು, ಹಲ್ಲುಗಾಲಿಗಳು ಇದಕ್ಕೆ ನೆರವಾಗುತ್ತವೆಯೇ? ಇಲ್ಲ, ಅವು ಮಾಡುವುದು ತದ್ವಿರುದ್ಧ ಕೆಲಸ. ಮನುಷ್ಯನ ಕಾಲು ನಿಮಿಷಕ್ಕೆ ಅರವತ್ತು ಸುತ್ತು ಹಾಕುವುದೇ ಹೆಚ್ಚು. ಅದಕ್ಕಾಗಿ ಮುಂದೆ 44 ಅಥವಾ 48 ಹಲ್ಲಿನ ಚೈನ್ ವೀಲು, ಹಿಂದೆ 18 ಹಲ್ಲಿನ ಫ್ರೀವೀಲು. ಸೈಕಲ್ಲಿನ ಚೈನು ಸುತ್ತನ್ನು ಹೆಚ್ಚಿಸುವ ಸಾಧನ. ಎಂಜಿನ್ನಿಗೆ ಬೇಕಾದುದು ಸುತ್ತನ್ನು ತಗ್ಗಿಸುವ ಸಾಧನ. ಆದ್ದರಿಂದ ಎಂಜಿನ್ನಿಗೂ ಗಾಲಿಗೂ ನಡುವೆ ಇನ್ನೊಂದು ದಾರಿ ಹಾಕಬೇಕು. ಆ ದಾರಿಯಲ್ಲಿ ಸುತ್ತು ತಗ್ಗಿಸುವ ವ್ಯವಸ್ಥೆ, ಬೇಕೆಂದಾಗ ಎಂಜಿನ್ನನ್ನು ಗಾಲಿಯಿಂದ ಬಿಡಿಸುವ ಕ್ಲಚ್ಚು, ಪೆಡಲು ತುಳಿಯದೆ ಕುಳಿತರೂ ಗಾಲಿ ಓಡಲು ಫ್ರೀವೀಲು, ಇವೆಲ್ಲವನ್ನೂ ಹೊರುವ ಗಟ್ಟಿಯಾದ ಹಬ್ಬು ಇರಬೇಕು. ಇವು ಎಲ್ಲಿ ಸಿಗುತ್ತವೆ?

ಕ್ಲಚ್ಚಿಲ್ಲದ ದಿನಗಳು

ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ 1885ರಲ್ಲಿ ಮರದ ಚೌಕಟ್ಟಿಗೆ 264 ಘನ ಸೆಂ.ಮೀ.ನ ಎಂಜಿನ್ ಕೂಡಿಸಿ ಎರಡು ಗಾಲಿಯ ಬಂಡಿ ಮಾಡಿದ. ಅದರ ಸಾಮರ್ಥ್ಯ ಅರ್ಧ ಅಶ್ವಸಾಮರ್ಥ್ಯ, ಸುತ್ತು ನಿಮಿಷಕ್ಕೆ 600. ಇಂದಿನ ಎಂಜಿನ್ನಿಗೆ ಹೋಲಿಸಿದರೆ ಬಲು ನಿಧಾನ. ಹಾಗಾಗಿ ಸುತ್ತು ತಗ್ಗಿಸುವ ತೊಂದರೆಯೂ ಕಡಿಮೆ. ಶಕ್ತಿಯನ್ನು ಗಾಲಿಗೆ ಒಯ್ದದ್ದು ಪಟ್ಟಿ, ಅಂದರೆ ಬೆಲ್ಟು. ಆ ಕಾಲದ ಯಾವ ಕಾರ್ಖಾನೆಗೆ ಹೋದರೂ ಛಾವಣಿಯ ಉದ್ದಕ್ಕೂ ಒಂದು ದಂಡ, ಅದರಿಂದ ಒಂದೊಂದು ಯಂತ್ರಕ್ಕೂ ಇಳಿಬಿಟ್ಟ ತೊಗಲಿನ ಪಟ್ಟಿ ಕಾಣುತ್ತಿದ್ದವು. ಡೈಮ್ಲರ್ ತನ್ನ ಸುತ್ತ ಇದ್ದುದನ್ನೇ ಬಳಸಿದ.

ಒಂಬತ್ತು ವರ್ಷಗಳ ನಂತರ, 1894ರಲ್ಲಿ, ಮ್ಯೂನಿಕ್ಕಿನ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮ್ಯುಲರ್ ಅವರು ಮೋಟಾರು ಸೈಕಲ್ಲನ್ನು ಮಾರಾಟಕ್ಕೆಂದೇ ತಯಾರಿಸಿದರು. ಅವರು ಅನುಸರಿಸಿದ ದಾರಿ ವಿಚಿತ್ರ: ಪಟ್ಟಿಯೂ ಬೇಡ, ಚೈನೂ ಬೇಡ, ಗೇರೂ ಬೇಡ. ರೈಲು ಎಂಜಿನ್ನಿನಲ್ಲಿ ಇರುವಂತೆ ಕೊಂತದ ಸರಳುಗಳು ನೇರವಾಗಿ ಹಿಂದಿನ ಗಾಲಿಯನ್ನೇ ತಿರುಗಿಸುತ್ತಿದ್ದವು. ಗಾಲಿ ಒಂದು ಸುತ್ತು ಎಂದರೆ ಎಂಜಿನ್ನೂ ಒಂದು ಸುತ್ತು. ನಿಮಿಷಕ್ಕೆ 240 ಸುತ್ತಿನಲ್ಲಿ ಎರಡೂವರೆ ಅಶ್ವಸಾಮರ್ಥ್ಯ ಪಡೆಯಲು ಸುಮಾರು ಒಂದೂವರೆ ಲೀಟರಿನ ಎಂಜಿನ್ ಬೇಕಾಯಿತು. ಇಂದು ಅದು ಕಾರಿನ ಎಂಜಿನ್ನಿನ ಗಾತ್ರ. ಕ್ಲಚ್ಚಿಲ್ಲದ ಕಾರಣ ಗಾಡಿ ನಿಂತರೆ ಎಂಜಿನ್ನೂ ನಿಲ್ಲುತ್ತಿತ್ತು. ನಿಧಾನವಾಗಿ ಓಡಿಸಿದರೆ ಜಗ್ಗಿ ಜಗ್ಗಿ ನಡೆಯುತ್ತಿತ್ತು. ಆ ಉದ್ಯಮ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಸುತ್ತು ತಗ್ಗಿಸುವ ಭಾಗವನ್ನು ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಗೆ ಸಿಗಲಾರದು.

ಪ್ಯಾರಿಸಿನ ವರ್ನರ್ ಸೋದರರು 1897ರಲ್ಲಿ ಸಾಧಾರಣ ಸೈಕಲ್ಲಿನ ಮುಂದಿನ ಗಾಲಿಯ ಮೇಲೆ ಎಂಜಿನ್ ಇಟ್ಟು ಪಟ್ಟಿಯಿಂದ ಆ ಗಾಲಿಯನ್ನೇ ತಿರುಗಿಸಿದರು. 1901ರಲ್ಲಿ ಎಂಜಿನ್ನನ್ನು ಪೆಡಲಿನ ಬಳಿಗೆ ಇಳಿಸಿದರು. ಇಂದಿಗೂ ಮೋಟಾರು ಸೈಕಲ್ಲಿನ ಎಂಜಿನ್ ಇರುವುದು ಹೆಚ್ಚು ಕಡಿಮೆ ಅಲ್ಲೇ. ಆದರೆ ತೊಗಲಿನ ಪಟ್ಟಿ ಮಳೆಯಲ್ಲಿ ತೊಯ್ದರೆ ಜಾರುತ್ತದೆ. ಜಾರದ ಸಾಧನ ಸೈಕಲ್ ಉದ್ಯಮದಲ್ಲಿ ಆಗಲೇ ಇತ್ತು: ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನೋಲ್ಡ್ 1880ರಲ್ಲಿ ಹಕ್ಕುಪತ್ರ ಪಡೆದ ಉರುಳೆ ಚೈನು. ಅದನ್ನು ಮೊದಲು ಬಳಸಿದ್ದು ಜವಳಿ ಯಂತ್ರಗಳಲ್ಲಿ. ಸೈಕಲ್ಲು ಬಂದದ್ದು ಆಮೇಲೆ. 1901ರಲ್ಲಿ ಅಮೆರಿಕದ 'ಇಂಡಿಯನ್' ಮೋಟಾರು ಸೈಕಲ್ ಚೈನನ್ನೇ ನೆಚ್ಚಿಕೊಂಡಿತು. ಜವಳಿ ಗಿರಣಿಯಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಮೋಟಾರು ಸೈಕಲ್ಲಿಗೆ. ಬಿಡಿಭಾಗಗಳು ಸಾಮಾನ್ಯವಾಗಿ ಹೀಗೆ ಪಕ್ಕದ ಮನೆಯಿಂದಲೇ ಬರುತ್ತವೆ.

ಬಿಸಿನೀರಿನ ಡಬ್ಬಿ, ರೇಡಿಯೋ ಎಂಜಿನ್

ಎರಡನೆಯ ಮಹಾಯುದ್ಧ ಮುಗಿದಾಗ ಯೂರೋಪು ಮತ್ತು ಜಪಾನಿನಲ್ಲಿ ಪೆಟ್ರೋಲು ಕಡಿಮೆ, ಕಾರಿಲ್ಲ, ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲ. ಸೈಕಲ್ಲು ಮಾತ್ರ ಧಾರಾಳ. 1946ರಲ್ಲಿ ಜಪಾನಿನ ಹಮಾಮಾತ್ಸು ಪಟ್ಟಣದಲ್ಲಿ ಸೊಯಿಚಿರೊ ಹೋಂಡಾ ಅವರಿಗೆ ಸೈನ್ಯದ ವೈರ್‌ಲೆಸ್ ಉಪಕರಣಗಳಿಗೆ ವಿದ್ಯುತ್ ಒದಗಿಸುತ್ತಿದ್ದ ಚಿಕ್ಕ ಎಂಜಿನ್ನುಗಳು ಸಿಕ್ಕಿದವು. ಯುದ್ಧ ಮುಗಿದ ಮೇಲೆ ಅವುಗಳನ್ನು ಕೇಳುವವರಿರಲಿಲ್ಲ. ಸುಮಾರು ಐನೂರು ಇದ್ದವು. ಮೊದಲ ಮಾದರಿಗೆ ಬಿಸಿನೀರು ತುಂಬಿಡುವ ಡಬ್ಬಿಯೇ ಪೆಟ್ರೋಲ್ ಟ್ಯಾಂಕು. ಎಂಜಿನ್ ಹ್ಯಾಂಡಲಿನ ಮುಂದೆ. ಒಂದು ರಬ್ಬರು ಉರುಳೆ ಮುಂದಿನ ಟಯರನ್ನು ಒತ್ತಿಹಿಡಿದು ತಿರುಗಿಸುತ್ತಿತ್ತು. ಇದರಲ್ಲಿ ಒಂದು ಜಾಣತನವಿದೆ: ಉರುಳೆ ಚಿಕ್ಕದು, ಗಾಲಿ ದೊಡ್ಡದು, ಸುತ್ತು ತಾನಾಗಿಯೇ ತಗ್ಗುತ್ತದೆ. ಬೇರೆ ಗೇರು ಬೇಡ. ಆದರೆ ಟಯರು ಬೇಗ ಸವೆದುಹೋಗುತ್ತಿತ್ತು. ಹೋಂಡಾ ಆ ದಾರಿ ಬಿಟ್ಟು, ಎಂಜಿನ್ನನ್ನು ಚೌಕಟ್ಟಿನೊಳಗೆ ಇಟ್ಟು, ಹಿಂದಿನ ಗಾಲಿಗೆ 'ವಿ' ಆಕಾರದ ಪಟ್ಟಿ ಹಾಕಿದರು. 1947ರಲ್ಲಿ ಬಂದ ಅವರ ಸ್ವಂತ ಎಂಜಿನ್ನಿನ 'ಎ' ಮಾದರಿಯಲ್ಲಿ ಆ ಪಟ್ಟಿಯನ್ನು ಕೈಯಿಂದಲೇ ಬಿಗಿ ಮಾಡುವ, ಸಡಿಲಿಸುವ ವ್ಯವಸ್ಥೆ ಇತ್ತು. ಕ್ಲಚ್ಚಿನ ಕೆಲಸವನ್ನೂ ಪಟ್ಟಿಯೇ ಮಾಡುತ್ತಿತ್ತು.

ಇದೇ ಕಾಲದಲ್ಲಿ ಫ್ರಾನ್ಸಿನ 'ವೆಲೊಸೊಲೆಕ್ಸ್' ಟಯರ ಮೇಲಿನ ಉರುಳೆಯನ್ನೇ ಉಳಿಸಿಕೊಂಡು ದಶಕಗಳ ಕಾಲ ಓಡಿತು. ಇಟಲಿಯ 'ಕುಚ್ಚೊಲೊ' 48 ಘನ ಸೆಂ.ಮೀ.ನ ಎಂಜಿನ್ನಿನಲ್ಲೇ ಎರಡು ಗೇರು ಅಡಗಿಸಿ, ಸೈಕಲ್ಲಿನ ಚೈನಿಗೇ ಶಕ್ತಿ ಕೊಟ್ಟಿತು. ಬ್ರಿಟನ್ನಿನ 'ಸೈಕಲ್‌ಮಾಸ್ಟರ್' 1950ರಲ್ಲಿ ಎಂಜಿನ್, ಕ್ಲಚ್ಚು, ಚೈನುಗಳನ್ನು ಒಂದು ಹಿಂದಿನ ಗಾಲಿಯೊಳಗೆ ತುಂಬಿ ಇಡೀ ಗಾಲಿಯನ್ನೇ ಮಾರಿತು. ಕೊಂಡವನು ಹಳೆಯ ಗಾಲಿ ಬಿಚ್ಚಿ ಹೊಸದನ್ನು ಹಾಕಿದರೆ ಸಾಕು. 1952ರಲ್ಲಿ ಸುಜುಕಿ ತಂದ 'ಪವರ್ ಫ್ರೀ' 36 ಘನ ಸೆಂ.ಮೀ.ನದು. ಅದರ ಜೋಡಿ ಹಲ್ಲುಗಾಲಿಯ ವ್ಯವಸ್ಥೆಯಿಂದ ಬರೀ ಪೆಡಲು, ಬರೀ ಎಂಜಿನ್, ಅಥವಾ ಎರಡೂ ಕೂಡಿ, ಹೇಗೆ ಬೇಕಾದರೂ ಓಡಿಸಬಹುದಿತ್ತು. ಇವೆಲ್ಲ ಬೇರೆ ಬೇರೆ ಎಂಜಿನ್ನುಗಳ ಕಥೆಯಂತೆ ಕಂಡರೂ ಎಂಜಿನ್ನುಗಳು ಹೆಚ್ಚು ಕಡಿಮೆ ಒಂದೇ ಬಗೆಯವು. ಬೇರೆಯಾಗಿರುವುದು ಗಾಲಿಗೆ ಹೋಗುವ ದಾರಿ.

ನಮ್ಮಲ್ಲಿ ಕ್ರಮ ತಿರುವುಮುರುವು

ಭಾರತದಲ್ಲಿ ಸೈಕಲ್ ಉದ್ಯಮ ಬಲವಾಗಿ ಬೇರೂರಿದ್ದು ಸ್ವಾತಂತ್ರ್ಯದ ನಂತರ. 1949ರಲ್ಲಿ ಮದ್ರಾಸಿನ ಬಳಿಯ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೆಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಅಂಬತ್ತೂರಿನಲ್ಲಿ ಟಿ.ಐ. ಡೈಮಂಡ್ ಚೈನ್ 1960ರಲ್ಲಿ ಆರಂಭವಾಯಿತು. ಹೀಗೆ ಸೈಕಲ್ಲಿನ ಚೈನು, ಫ್ರೀವೀಲು, ಹಬ್ಬು, ಕಾಟರ್ ಪಿನ್ನು ತಾಲೂಕು ಕೇಂದ್ರಗಳಲ್ಲೂ ಸಿಗುವಂತಾಯಿತು. ಮೈಸೂರಿನಲ್ಲಿ 1961ರಿಂದ ಐಡಿಯಲ್ ಜಾವಾ ಮೋಟಾರು ಸೈಕಲ್ಲುಗಳು ತಯಾರಾದವು. ಆದರೆ ಅವು ಕೆಲವರ ಸೊತ್ತು. ಅವುಗಳ ಭಾಗಗಳು ಸೈಕಲ್ಲಿನ ಮೈಗೆ ಭಾರ.

ಎರಡರ ನಡುವೆ ದೊಡ್ಡ ಕಂದಕವಿತ್ತು. ಹನ್ನೊಂದು ಹಲ್ಲಿನ ಚಿಕ್ಕ ಸ್ಪ್ರಾಕೆಟ್ಟು, ಎರಡೂ ಬದಿಯಿಂದ ಓಡಿಸಬಹುದಾದ ಹಬ್ಬು, ಸುತ್ತು ಹೆಚ್ಚಿದಾಗ ತಾನಾಗಿ ಹಿಡಿಯುವ ಕ್ಲಚ್ಚು, ಇವು ಹಳ್ಳಿಯ ಪೇಟೆಯಲ್ಲಿ ಇರಲಿಲ್ಲ. ಈ ಕಂದಕವನ್ನು ತುಂಬಿದ್ದು ಮೊಪೆಡ್ಡು. ಮೋಟಾರಿನ 'ಮೊ', ಪೆಡಲಿನ 'ಪೆಡ್' ಕೂಡಿಸಿ ಸ್ವೀಡನ್ನಿನವರು ಕಟ್ಟಿದ ಹೆಸರು ಅದು. ಫ್ರಾನ್ಸಿನ ಮೋಟೊಬೆಕಾನ್ ಜೊತೆಗಿನ ಒಪ್ಪಂದದಿಂದ 'ಸುವೇಗ' ಬಂತು. 1972ರಲ್ಲಿ ಪುಣೆಯ ಕೈನೆಟಿಕ್ ಎಂಜಿನಿಯರಿಂಗ್ ಇಟಲಿಯ ಪಿಯಾಜಿಯೊ ಕಂಪೆನಿಯ 'ಚಾವೊ' ಮಾದರಿಯನ್ನು ಅನುಸರಿಸಿ 'ಲೂನಾ' ತಂದಿತು. 1980ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಇಬ್ಬರು ಕೂರಬಹುದಾದ ಟಿವಿಎಸ್-50 ಹೊರಬಂತು. ಶಾಲಾ ಮಾಸ್ತರರು, ಹಾಲು ಹಾಕುವವರು, ಎಲ್‌ಐಸಿ ಏಜೆಂಟರು ಮೊಪೆಡ್ ಏರಿದರು.

ಗಮನಿಸಬೇಕಾದ ಸಂಗತಿ ಇಲ್ಲಿದೆ. ಜಪಾನಿನಲ್ಲಿ ಮೊದಲು ಗುಜರಿಯ ಎಂಜಿನ್ನು, ಷೆಡ್ಡಿನ ಪ್ರಯೋಗ. ಕಾರ್ಖಾನೆ ಹುಟ್ಟಿದ್ದು ಅದರಿಂದ. ನಮ್ಮಲ್ಲಿ ಮೊದಲು ಕಾರ್ಖಾನೆಯ ಮೊಪೆಡ್ಡು. ಹತ್ತು ಹದಿನೈದು ವರ್ಷ ಓಡಿ ಅದು ಗುಜರಿ ಸೇರಿದ ಮೇಲೆ ಅದರ ಅವಶೇಷಗಳಿಂದ ಮನೆಯ ಪ್ರಯೋಗ. ಹುಡುಗರ ಕೈಯಲ್ಲಿ ಜಾಣತನ ಇರಲಿಲ್ಲವೆಂದಲ್ಲ. 1955ರಲ್ಲಿ ಅಕ್ಕಿಆಲೂರಿನ ಹುಡುಗನೊಬ್ಬನಿಗೆ ಒಂದು ಎಂಜಿನ್ ಸಿಕ್ಕಿದ್ದರೂ ಹನ್ನೊಂದು ಹಲ್ಲಿನ ಸ್ಪ್ರಾಕೆಟ್ಟಿಗೆ ಎಲ್ಲಿಗೆ ಹೋಗಬೇಕಿತ್ತು? ದೇಶವೊಂದರ ತಾಂತ್ರಿಕ ಚರಿತ್ರೆಯನ್ನು ಸಂಶೋಧಕರ ಪಟ್ಟಿಯಿಂದ ಅಳೆಯುವುದು ನಮ್ಮ ಪಠ್ಯಪುಸ್ತಕಗಳ ರೂಢಿ. ಪೇಟೆಯ ಗುಜರಿಯಲ್ಲಿ ಏನೇನು ಸಿಗುತ್ತದೆ ಎಂಬುದರಿಂದಲೂ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ.

ಕಾಕಾ ಅವರ ಮೂರು ಯತ್ನ

ಮತ್ತೆ 1987ಕ್ಕೆ ಬರೋಣ. ಸ್ಪ್ರೇಯರಿನ ಎಂಜಿನ್ನಿಗೆ ಕ್ಲಚ್ಚೇ ಇಲ್ಲ. ಅದರ ದಂಡಕ್ಕೆ ನೇರವಾಗಿ ಬೀಸಣಿಗೆ ಕೂಡಿಸಿರುತ್ತಾರೆ. ಕ್ಲಚ್ಚಿನ ತೊಂದರೆಯನ್ನು ಕಾಕಾ ಹಿಟ್ಟಿನ ಗಿರಣಿ ನೋಡಿ ಬಗೆಹರಿಸಿದರು. ಎಂಜಿನ್ನಿಗೆ ಎರಡು ಅಂಗುಲದ ಪುಲ್ಲಿ, ಚೌಕಟ್ಟಿನ ನಡುವೆ ಹಾಕಿದ ಅಡ್ಡದಂಡಕ್ಕೆ ಎಂಟು ಅಂಗುಲದ ಪುಲ್ಲಿ, ನಡುವೆ 'ವಿ' ಪಟ್ಟಿ. ಪಟ್ಟಿಯ ಸಡಿಲು ಬದಿಗೆ ಒಂದು ಚಿಕ್ಕ ಉರುಳೆ, ಅದಕ್ಕೊಂದು ಹಿಡಿಕೆ. ಹಿಡಿಕೆ ಎಳೆದರೆ ಪಟ್ಟಿ ಬಿಗಿ, ಬಿಟ್ಟರೆ ಸಡಿಲು. ಹೋಂಡಾ ಹೆಸರನ್ನು ಅವರು ಮೋಟಾರು ಸೈಕಲ್ಲಿನ ಮೇಲೆ ನೋಡಿದ್ದರೇ ಹೊರತು ಅವರ 'ಎ' ಮಾದರಿಯ ವಿಷಯ ಇಬ್ಬರಿಗೂ ಗೊತ್ತಿರಲಿಲ್ಲ. ಉರುಳೆ ಒತ್ತಿದಾಗ ಪಟ್ಟಿ ಬಿಗಿಯಾಗುವುದಷ್ಟೇ ಅಲ್ಲ, ಚಿಕ್ಕ ಪುಲ್ಲಿಯನ್ನು ಅದು ಅಪ್ಪಿಕೊಳ್ಳುವ ಕೋನವೂ ಹೆಚ್ಚುತ್ತದೆ. ಆಯ್ಲರ್ ತೋರಿಸಿದಂತೆ, ಪಟ್ಟಿಯ ಎರಡು ಬದಿಗಳ ಎಳೆತದ ನಿಷ್ಪತ್ತಿ ಈ ಕೋನದೊಂದಿಗೆ ಘಾತೀಯವಾಗಿ ಏರುತ್ತದೆ. ಉರುಳೆಯನ್ನು ಬಿಗಿ ಬದಿಗೆ ಹಾಕದೆ ಸಡಿಲು ಬದಿಗೇ ಹಾಕಬೇಕೆಂಬುದು ಕಾಕಾ ಅವರಿಗೆ ಗಿರಣಿಯಲ್ಲಿ ಕಂಡು ತಿಳಿದಿತ್ತು.

ಮೊದಲ ಯತ್ನದಲ್ಲಿ ಅಡ್ಡದಂಡದಿಂದ ಗಾಲಿಗೆ ಸೈಕಲ್ಲಿನ ಭಾಗಗಳನ್ನೇ ಬಳಸಿದರು: ದಂಡದ ಮೇಲೆ 18 ಹಲ್ಲು, ಗಾಲಿಯ ಎಡಬದಿಗೆ 44 ಹಲ್ಲು. ಪಟ್ಟಿಯಲ್ಲಿ 4, ಚೈನಿನಲ್ಲಿ 2.44, ಒಟ್ಟು 9.8. ಎಂಜಿನ್ ಗುರ್ರೆನ್ನುತ್ತಿತ್ತು, ಹಿಡಿಕೆ ಎಳೆದ ಕೂಡಲೇ ನಿಂತುಬಿಡುತ್ತಿತ್ತು. ಇಲ್ಲಿ ನನ್ನ ಪಿಯುಸಿ ಕೆಲಸಕ್ಕೆ ಬಂತು. ಈ ಪ್ರಮಾಣದಲ್ಲಿ ಎಂಜಿನ್ 5500 ಸುತ್ತು ಮುಟ್ಟಬೇಕಾದರೆ ಸೈಕಲ್ಲು ಗಂಟೆಗೆ 74 ಕಿ.ಮೀ. ಓಡಬೇಕು. ಆ ಜವದಲ್ಲಿ ಗಾಳಿಯ ತಡೆಯನ್ನು ಮೀರಲೇ 3000 ವ್ಯಾಟ್‌ಗಿಂತ ಹೆಚ್ಚು ಬೇಕು. ನಮ್ಮಲ್ಲಿದ್ದುದು ಸುಮಾರು 750. ಒಟ್ಟು ಪ್ರಮಾಣ 20 ಆದರೆ ಜವ ಗಂಟೆಗೆ 36 ಕಿ.ಮೀ.; ಬೇಕಾದ ಸಾಮರ್ಥ್ಯ 450 ವ್ಯಾಟ್‌ನ ಆಸುಪಾಸು. ಇದು ಸಾಧ್ಯ. ದೊಡ್ಡ ಪುಲ್ಲಿ ಹತ್ತು ಅಂಗುಲದ್ದಾಗಬೇಕು, ಚಿಕ್ಕ ಸ್ಪ್ರಾಕೆಟ್ಟು ಹನ್ನೊಂದು ಹಲ್ಲಿನದಾಗಬೇಕು ಎಂದು ಬರೆದು ಕೊಟ್ಟೆ.

ಪುಲ್ಲಿ ಹಾವೇರಿಯ ಒಂದು ಗಿರಣಿಯಲ್ಲಿ ಸಿಕ್ಕಿತು. ಸ್ಪ್ರಾಕೆಟ್ಟಿಗಾಗಿ ಕಾಕಾ ಹುಬ್ಬಳ್ಳಿಗೆ ಹೋಗಿ ಗುಜರಿಯಲ್ಲಿ ಒಂದು ಹಳೆಯ ಮೊಪೆಡ್ಡಿನದನ್ನು ತಂದರು. ತಂದ ಮೇಲೆ ತಿಳಿಯಿತು, ಸೈಕಲ್ ಚೈನು ಅದರ ಮೇಲೆ ಕೂರುವುದೇ ಇಲ್ಲ. ಎರಡೂ ಚೈನುಗಳ ಕೊಂಡಿಯ ಅಂತರ ಒಂದೇ, ಅರ್ಧ ಅಂಗುಲ, ಅಂದರೆ 12.7 ಮಿ.ಮೀ. ಉರುಳೆಯ ದಪ್ಪವೂ ಒಂದೇ. ಆದರೆ ಒಳ ಅಗಲ ಸೈಕಲ್ ಚೈನಿನದು ಅಂಗುಲದ ಎಂಟನೇ ಒಂದು ಭಾಗ, ಮೊಪೆಡ್ಡಿನದು ಹದಿನಾರನೇ ಮೂರು ಭಾಗ. ಮೊಪೆಡ್ಡಿನ ದಪ್ಪ ಹಲ್ಲು ಸೈಕಲ್ ಚೈನಿನೊಳಗೆ ಇಳಿಯದು. ಹಲ್ಲು ಅರದಿಂದ ಉಜ್ಜಿ ತೆಳು ಮಾಡಬೇಕು, ಇಲ್ಲವೇ ಮೊಪೆಡ್ ಚೈನನ್ನೇ ಹಾಕಬೇಕು. ಮೊಪೆಡ್ ಚೈನು ಚಿಕ್ಕ ಸ್ಪ್ರಾಕೆಟ್ಟಿಗೆ ಸರಿಹೊಂದಿತು. ಹಿಂದಿನ 44 ಹಲ್ಲಿನ ತೆಳು ಚೈನ್ ವೀಲಿನ ಮೇಲೂ ಓಡಿತು, ಆದರೆ ಅತ್ತಿತ್ತ ಅಲುಗಾಡುತ್ತಿತ್ತು.

ಚೈನು ಹರಿದೀತೆಂಬ ನನ್ನ ಭಯ ಮಾತ್ರ ಸುಳ್ಳಾಯಿತು. ಎಪ್ಪತ್ತು ಕಿಲೋ ತೂಕದವನು ಏರಿನಲ್ಲಿ ಎದ್ದು ನಿಂತು ಪೆಡಲು ತುಳಿದರೆ ಚೈನಿನ ಎಳೆತ ಸುಮಾರು 1300 ನ್ಯೂಟನ್. ನಮ್ಮ ಎಂಜಿನ್ನಿನ ಎಳೆತ ಅದರ ಅರ್ಧವೂ ಇರಲಿಲ್ಲ. ಎಂಜಿನ್ನು ಚೈನನ್ನು ಕೊಲ್ಲುವುದು ಬಲದಿಂದಲ್ಲ, ಜವದಿಂದ. ಸೈಕಲ್ಲಿನಲ್ಲಿ ಚೈನು ಸೆಕೆಂಡಿಗೆ ಅರ್ಧ ಮೀಟರು ಓಡಿದರೆ ಇಲ್ಲಿ ಎರಡೂವರೆ ಮೀಟರು. ಹನ್ನೊಂದು ಹಲ್ಲಿನ ಗಾಲಿಯ ಮೇಲೆ ಪ್ರತಿ ಕೊಂಡಿಯೂ ಸುಮಾರು 33 ಡಿಗ್ರಿ ಮಡಿಚಬೇಕು. 18 ಹಲ್ಲಿನದರ ಮೇಲೆ 20 ಡಿಗ್ರಿ ಸಾಕು. ಹಲ್ಲು ಕಡಿಮೆಯಾದಷ್ಟೂ ಚೈನಿನ ಜವ ಏರಿಳಿದು ಅದುರುತ್ತದೆ: 18 ಹಲ್ಲಿಗೆ ಈ ಏರಿಳಿತ ಶೇಕಡಾ 1.5, ಹನ್ನೊಂದಕ್ಕೆ ಶೇಕಡಾ 4.

ಎರಡನೆಯ ಯತ್ನ ಮುರಿದದ್ದು ತಿರುಪಿನಿಂದ. ಹಬ್ಬಿನ ಎಡಬದಿಗೆ ಲೇತಿನಲ್ಲಿ ಥ್ರೆಡ್ ಕೊರೆಸಿ 44 ಹಲ್ಲಿನ ಗಾಲಿಯನ್ನು ತಿರುಗಿಸಿ ಕೂಡಿಸಿದ್ದರು. ಬಲಬದಿಯ ಫ್ರೀವೀಲು ಇರುವುದೂ ಹೀಗೆಯೇ ಅಲ್ಲವೇ? ಎಂಜಿನ್ ಹಿಡಿಯಿತು, ಸೈಕಲ್ಲು ಇಪ್ಪತ್ತು ಅಡಿ ಓಡಿತು, ಹಲ್ಲುಗಾಲಿ ಬಿಚ್ಚಿಕೊಂಡು ಹೊರಬಂತು. ಸೈಕಲ್ಲಿನ ಎಡಬದಿಗೆ ನಿಂತು ನೋಡಿ: ಮುಂದೆ ಓಡುವ ಗಾಲಿ ಗಡಿಯಾರಕ್ಕೆ ವಿರುದ್ಧವಾಗಿ ತಿರುಗುತ್ತದೆ. ಸಾಮಾನ್ಯ ತಿರುಪು ಸಡಿಲಾಗುವುದೂ ಅದೇ ದಿಕ್ಕಿನಲ್ಲಿ. ಬಲಬದಿಯಲ್ಲಿ ತುಳಿದಷ್ಟೂ ಬಿಗಿಯಾಗುವ ಫ್ರೀವೀಲು ಎಡಬದಿಯಲ್ಲಿ ಓಡಿದಷ್ಟೂ ಬಿಚ್ಚುತ್ತದೆ. ಉಲ್ಟಾ ಥ್ರೆಡ್ಡು ಬೇಕಿತ್ತು. ಎಡ ಪೆಡಲಿಗೆ ಉಲ್ಟಾ ಥ್ರೆಡ್ಡು ಇರುವುದನ್ನು ದಿನಾ ನೋಡುವ ಕಾಕಾ ತಲೆ ಚಚ್ಚಿಕೊಂಡರು.

ಮೊಪೆಡ್ಡಿನ ಹಬ್ಬನ್ನೇ ತಂದರೆ ಎರಡೂ ಬದಿಯ ತೊಂದರೆ ತೀರುತ್ತಿತ್ತು. ಗುಜರಿಯಲ್ಲಿ ಅದೂ ಸಿಕ್ಕಿತು. ಆದರೆ ಅದರಲ್ಲಿ ಕಡ್ಡಿಗಳಿಗೆ 36 ರಂಧ್ರ. ನಮ್ಮ ದೊಡ್ಡ ಸೈಕಲ್ಲಿನ ಹಿಂದಿನ ರಿಮ್ಮಿನಲ್ಲಿ 40, ಮುಂದಿನದರಲ್ಲಿ 32. ಬ್ರಿಟಿಷರ ಕಾಲದಿಂದ ನಡೆದುಬಂದ ರೂಢಿ ಅದು. ಎರಡೂ ಹೊಂದಲಿಲ್ಲ. ಕೊನೆಗೆ ಕಾಕಾ ಹಳೆಯ ಟಯರಿನಿಂದ ಎರಡು ರಬ್ಬರಿನ ಬಿಲ್ಲೆ ಕತ್ತರಿಸಿ, ಕಡ್ಡಿಗಳ ಒಳಗೊಂದು ಹೊರಗೊಂದು ಇಟ್ಟು, ಉಕ್ಕಿನ ತಗಡು ಕೊಟ್ಟು, ಬೋಲ್ಟುಗಳಿಂದ ಹಲ್ಲುಗಾಲಿಯನ್ನು ಕಡ್ಡಿಗಳಿಗೇ ಬಿಗಿದರು. ಇಂದು ಚೀನಾದಿಂದ ಬರುವ ಸೈಕಲ್ ಎಂಜಿನ್ ಕಿಟ್ಟುಗಳಲ್ಲಿ ಹಿಂದಿನ ಹಲ್ಲುಗಾಲಿಯನ್ನು ಕೂಡಿಸುವ ಕ್ರಮ ಹೆಚ್ಚು ಕಡಿಮೆ ಇದೇ.

ಮೂರನೆಯ ಯತ್ನ ಓಡಿತು. ಪೆಡಲು ತುಳಿದು ಹಿಡಿಕೆ ಎಳೆದರೆ ಎಂಜಿನ್ ಹತ್ತಿಕೊಳ್ಳುತ್ತಿತ್ತು. ಎರಡು ಅಂಗುಲದ ಪುಲ್ಲಿಯ ಮೇಲೆ ಪಟ್ಟಿ ಬಿಸಿಯಾಗುತ್ತಿತ್ತು, ನಿಜ. ಎರಡು ದಿನ ಊರಿನ ಹುಡುಗರೆಲ್ಲ ಅದರ ಹಿಂದೆ ಓಡಿದರು.

"ಚೈನ್ ಸೀದಾ ಇಲ್ಲ ತಮ್ಮಾ, ಕಣ್ಣಿಗೇ ಕಾಣತೈತಿ" ಎಂದು ಕಾಕಾ ಹೇಳಿದ್ದರು. ರಬ್ಬರು, ತಗಡು ಸೇರಿ ಹಿಂದಿನ ಹಲ್ಲುಗಾಲಿ ಹೊರಕ್ಕೆ ಸರಿದಿತ್ತು. ಮುಂದಿನದು ಅದರ ನೇರಕ್ಕಿರಲಿಲ್ಲ. ಸರಿಪಡಿಸಬೇಕಾದರೆ ಅಡ್ಡದಂಡವನ್ನೇ ಬಿಚ್ಚಿ ಮತ್ತೆ ಲೇತಿಗೆ ಒಯ್ಯಬೇಕು. ನನಗೆ ಅವಸರ. "ಲೆಕ್ಕ ಸರಿ ಐತ್ರಿ ಕಾಕಾ, ನಡೀತೈತಿ" ಎಂದೆ. ಮೂರನೆಯ ದಿನ ಹಾನಗಲ್ ರಸ್ತೆಯಲ್ಲಿ ಚೈನು ಹಲ್ಲುಗಾಲಿಯಿಂದ ಒಳಕ್ಕೆ ಜಿಗಿದು ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಗಾಲಿ ಒಮ್ಮೆಲೇ ನಿಂತಿತು. ಓಡಿಸುತ್ತಿದ್ದವರು ಕಾಕಾ. ಬಲಗೈ ಮಣಿಕಟ್ಟು ಮುರಿಯಿತು.

ಗಾಲಿಯ ಸೊಟ್ಟ ತೆಗೆಯುವವನಿಗೆ ಬಲಗೈಯೇ ಹೊಟ್ಟೆ. ಆರು ವಾರ ಪ್ಲಾಸ್ಟರಿನಲ್ಲಿ ಕೈ ಇಟ್ಟುಕೊಂಡು ಅವರು ಸ್ಟೂಲಿನ ಮೇಲೆ ಕುಳಿತು ಹೇಳುತ್ತಿದ್ದರು, ನಾನು ಪಂಕ್ಚರ್ ತಿದ್ದುತ್ತಿದ್ದೆ. ಕಡ್ಡಿ ಬಿಗಿಯುವುದು ನನ್ನ ಕೈಗೆ ಕೊನೆಯವರೆಗೂ ಬರಲಿಲ್ಲ. ಆ ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಒಂದು ದಿನ ತಡೆಯಲಾರದೆ, "ನನ್ನ ಲೆಕ್ಕದಿಂದ ಹಿಂಗಾತು ಕಾಕಾ" ಎಂದೆ. ಅವರು ಟ್ಯೂಬಿನ ಮೇಲಿನ ಕಣ್ಣು ತೆಗೆಯದೆ, "ನಿನ್ನ ಲೆಕ್ಕ ತಪ್ಪಿಲ್ಲೋ. ಅದರಾಗ ಚೈನಿಗೆ ಅಗಲಾನ ಇರಲಿಲ್ಲ, ಅಷ್ಟ" ಎಂದರು.

ಗುಜರಿಯಿಂದ ಕೊರಿಯರಿಗೆ

ಆ ಎಂಜಿನ್ನು ಮತ್ತೆ ಸೈಕಲ್ಲು ಏರಲಿಲ್ಲ. ಈಗ ಬಿಡಿಭಾಗ ಹುಡುಕುವ ಕಷ್ಟವೇ ಬಹುಪಾಲು ತೀರಿದೆ. ಎಂಜಿನ್, ಕ್ಲಚ್ಚು, 10 ಹಲ್ಲು ಮತ್ತು 44 ಹಲ್ಲಿನ ಗಾಲಿಗಳು, ಮೊಪೆಡ್ ಅಗಲದ ಚೈನು, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತವೆ. ಒಳಗಿನ ಗೇರಿನಲ್ಲಿ 4.1, ಚೈನಿನಲ್ಲಿ 4.4, ಒಟ್ಟು 18. ಕಾಕಾ ಅವರ ಸೈಕಲ್ಲಿನ 20ಕ್ಕೆ ಎಷ್ಟು ಹತ್ತಿರ ಎಂಬುದನ್ನು ನೋಡಿ.

ಶಿಕ್ಷಕರು ವಿದ್ಯಾರ್ಥಿಗಳಿಗೆ ಹೇಳಲೇಬೇಕಾದ ಮಾತೊಂದಿದೆ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಂತೆ ನಾಲ್ಕಕ್ಕಿಂತ ಕಡಿಮೆ ಗಾಲಿಯ, 25 ಘನ ಸೆಂ.ಮೀ. ಮೀರದ ಎಂಜಿನ್ನಿನ ಬಂಡಿ ಮೋಟಾರು ವಾಹನವಲ್ಲ. ಮೊದಲು ಈ ಮಿತಿ 35 ಇತ್ತು. 1994ರ ತಿದ್ದುಪಡಿಯಲ್ಲಿ 25ಕ್ಕೆ ಇಳಿಸಿದರು. ಪೆಟ್ಟಿಗೆಯಲ್ಲಿ ಬರುವ ಎಂಜಿನ್ನುಗಳು ಸಾಮಾನ್ಯವಾಗಿ ಇದಕ್ಕಿಂತ ಬಲು ದೊಡ್ಡವು. ಅವನ್ನು ಕೂಡಿಸಿದ ಸೈಕಲ್ಲು ರಸ್ತೆಗಿಳಿದರೆ ನೋಂದಣಿ, ವಿಮೆ, ಚಾಲನಾ ಪರವಾನಗಿ ಎಲ್ಲವೂ ಬೇಕು. ಬ್ರೇಕಿನ ಲೆಕ್ಕವನ್ನೂ ಮಾಡಿಸಿ: ಸವಾರನೂ ಸೇರಿ ನೂರು ಕಿಲೋ ತೂಕದ ಸೈಕಲ್ಲಿನ ಚಲನಶಕ್ತಿ ಗಂಟೆಗೆ 15 ಕಿ.ಮೀ. ಜವದಲ್ಲಿ 870 ಜೂಲ್, 36ರಲ್ಲಿ 5000 ಜೂಲ್. ರಿಮ್ಮಿಗೆ ಒತ್ತುವ ಅದೇ ನಾಲ್ಕು ರಬ್ಬರಿನ ತುಂಡು ಇದನ್ನು ತಡೆಯಬೇಕು.

ಮೊಪೆಡ್ಡುಗಳೂ ಬದಲಾದವು. ಹೊಸೂರಿನ ಕಂಪೆನಿಯ ಎಕ್ಸ್‌ಎಲ್-100 ಮಾದರಿ 2015ರಲ್ಲಿ ಬಂತು. ಅದಕ್ಕೆ ಪೆಡಲೇ ಇಲ್ಲ. ಲೂನಾ ಹೆಸರು 2024ರಲ್ಲಿ ಬ್ಯಾಟರಿಯೊಂದಿಗೆ ಮರಳಿತು. ಸೈಕಲ್ಲಿಗೂ ಈಗ ಹಬ್ಬಿನೊಳಗೇ ಕೂರುವ 250 ವ್ಯಾಟಿನ ವಿದ್ಯುತ್ ಮೋಟಾರು ಸಿಗುತ್ತದೆ. ಸುತ್ತು ತಗ್ಗಿಸುವ ಗೇರು, ಒಂದೇ ದಿಕ್ಕಿಗೆ ಹಿಡಿಯುವ ಫ್ರೀವೀಲು ಅದರ ಹೊಟ್ಟೆಯಲ್ಲೇ ಇರುತ್ತವೆ. ಎಡಬದಿಗೆ ಚೈನು ಬೇಡ, ಉಲ್ಟಾ ಥ್ರೆಡ್ಡು ಬೇಡ. 1950ರ ಸೈಕಲ್‌ಮಾಸ್ಟರಿನಂತೆ ಗಾಲಿಯೊಳಗೇ ಎಲ್ಲವೂ.

ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬ ಈಚೆಗೆ ಅಂಥ ಒಂದು ಮೋಟಾರನ್ನು ತರಿಸಿ, ಅಜ್ಜನ ಹಳೆಯ 28 ಅಂಗುಲದ ಸೈಕಲ್ಲನ್ನು ಪ್ರಯೋಗಾಲಯಕ್ಕೆ ತಂದಿದ್ದ. ಕಡ್ಡಿ ಹೆಣೆಯಲು ಕುಳಿತವನು ಅರ್ಧ ಗಂಟೆಯಲ್ಲಿ ನನ್ನ ಕೋಣೆಗೆ ಬಂದ. "ಸರ್, ಮೋಟಾರಿನಾಗ ಮೂವತ್ತಾರು ತೂತು ಅದಾವ್ರಿ. ರಿಮ್ಮಿನಾಗ ನಲವತ್ತು." ಇಬ್ಬರೂ ಈಗ 36 ರಂಧ್ರದ 28 ಅಂಗುಲದ ರಿಮ್ಮು ಹುಡುಕುತ್ತಿದ್ದೇವೆ.